ಯಾತ್ರಾಗ್ರಂಥಗಳಲ್ಲಿ ಸನ್ನಾಹಪ್ರಕರಣ

ಮದುವೆಯ ಮನೆಗಳಲ್ಲಿ ವರನು ಕೊಡೆ, ದಂಡ, ಪಾದುಕೆಗಳನ್ನು ಧರಿಸಿ ಕಾಶಿಗೆ ಹೊರಡುವ ಶಾಸ್ತ್ರವೊಂದುಂಟು. ಅವನು ಚಪ್ಪರದ ಅಂಚನ್ನು ದಾಟುವುದರೊಳಗಾಗಿ ಕನ್ಯಾಪಿತನು ಅಡ್ಡಬಂದು, ಸವಿಮಾತುಗಳನ್ನಾಡಿ, ಅವನನ್ನು ಹಿಂದಿರುಗಿಸುತ್ತಾನೆ. ಸನ್ನಾಹವು ಸಾಂಗವಾಗಿ ನಡೆಯುತ್ತದೆ. ಯಾತ್ರೆ ಮಾತ್ರ ನಡೆಯುವುದಿಲ್ಲ. ಕನ್ನಡದ ಯಾತ್ರಾಗ್ರಂಥಗಳಲ್ಲಿ ಬಹುಪಾಲಿನ ಸ್ಥಿತಿ ಇದಕ್ಕೆ ವಿಪರೀತವಾದುದು. ಅಲ್ಲಿ ಯಾತ್ರೆ ನಡೆಯುತ್ತದೆ, ಸನ್ನಾಹವು ಕಾಣುವುದಿಲ್ಲ. ಮೊದಲನೆಯ ಪುಟದಲ್ಲಿಯೇ ಗ್ರಂಥಕಾರನು ಹಿಮಶಿಖರವನ್ನು ಕಂಡು ಪುಳಕಿತನಾಗಿ ನಿಂತಿರುತ್ತಾನೆ. ಅವನು ಯಾವ ದಾರಿಯನ್ನು ಬಿಟ್ಟು ಯಾವ ದಾರಿಯನ್ನು ಹಿಡಿದನು, ಯಾವ ಚೌಕಿಯಲ್ಲಿ ಏನು ತೆತ್ತನು, ಮನೆಯಲ್ಲಿ ಯಾರನ್ನು ಬಿಟ್ಟುಬಂದನು ಎಂಬುದಾವುದೂ ವಾಚಕನಿಗೆ ತಿಳಿಯದು. ಇದು ದೋಷವೇ ಅಲ್ಲವೇ ಎಂಬುದು ಇಲ್ಲಿ ವಿಚಾರಣೀಯವಾದ ವಿಷಯ.

ಈ ಉದಾಸೀನಕ್ಕೆ ಒಂದು ಕಾರಣವನ್ನು ಈ ಸೀಮೆಯಲ್ಲಿಯೇ ಹುಡುಕಬಹುದು. ಕಪಿಲೆಯ ದಡದ ನಂಜನಗೂಡು ದಕ್ಷಿಣಕಾಶಿಯೆಂದು ಪ್ರಸಿದ್ಧವಾಗಿದೆ. ಅದೇ ಕಪಿಲೆ ಕಾವೇರಿಯನ್ನು ಕೂಡುವ ತಿರುಮಕೂಡಲು ನರಸೀಪುರವು ದಕ್ಷಿಣಪ್ರಯಾಗ. 1989ರಲ್ಲಿ ಅಲ್ಲಿ ಕುಂಭಮೇಳವೂ ಮೊದಲಾಯಿತು. ಅಲ್ಲಿಯ ಗುಂಜಾ ನರಸಿಂಹಸ್ವಾಮಿಯ ಕೈಯಲ್ಲಿ ಗುಲಗಂಜಿಯೊಂದಿದೆಯೆಂದೂ, ಆ ಕ್ಷೇತ್ರವು ಕಾಶಿಗಿಂತ ಒಂದು ಗುಲಗಂಜಿಯ ತೂಕ ಹೆಚ್ಚೆಂದೂ ಐತಿಹ್ಯವುಂಟು. ಈ ಮಾತು ಊರಿನವರಿಗೆ ಅಭಿಮಾನವನ್ನೂ, ಹೊರಡಲಾರದವರಿಗೆ ಸಮಾಧಾನವನ್ನೂ ಕೊಟ್ಟಿದೆ. ಆದರೆ ಗುಲಗಂಜಿಯು ಅಕ್ಕಸಾಲಿಗನು ಚಿನ್ನವನ್ನು ತೂಗುತ್ತಿದ್ದ ಬೀಜ. ತೂಗಬೇಕಾದರೆ ತಕ್ಕಡಿಯ ಎರಡು ತಟ್ಟೆಗಳೂ ತುಂಬಿರಬೇಕು. ಸ್ಥಳಪುರಾಣವು ಹೋಗದೆಯೇ ತೂಗುತ್ತದೆ; ಯಾತ್ರಾಗ್ರಂಥವು ಹೋಗಿ ತೂಗಬೇಕು.

ಹೋಗಿ ತೂಗಿದವರಲ್ಲಿ ಅಗ್ರಗಣ್ಯನು ತೆಲುಗಿನ ಏನುಗುಲ ವೀರಾಸ್ವಾಮಯ್ಯ. ಮದರಾಸಿನ ಸುಪ್ರೀಂ ಕೋರ್ಟಿನಲ್ಲಿ ದುಭಾಷಿಯಾಗಿದ್ದ ಈತನು 1830ರಲ್ಲಿ ನೂರರಷ್ಟು ಪರಿವಾರದೊಡನೆ ಕಾಶಿಗೆ ಹೊರಟು, ಮರುವರ್ಷ ಹಿಂದಿರುಗಿದನು. ದಾರಿಯಿಂದ ಮಿತ್ರನಿಗೆ ಬರೆದ ಪತ್ರಗಳು 1838ರಲ್ಲಿ 'ಕಾಶೀಯಾತ್ರಾಚರಿತ್ರ'ವೆಂದು ಅಚ್ಚಾದವು. ಆತನ ದಾರಿಯಲ್ಲಿ ಕಂಪೆನಿಯ ಸೀಮೆ, ನಿಜಾಮನ ಸೀಮೆ, ನಾಗಪುರದ ಭೋಂಸಲೆಯವರ ಸೀಮೆ ಎಂದು ಎಲ್ಲೆಗಳ ಮೇಲೆ ಎಲ್ಲೆಗಳು. ಮಜಲುಗಳ ದೂರ, ತಂಗಲು ಸ್ಥಳ, ದೊರೆಯುವ ಸಾಮಾನು, ಸುಂಕ, ನಾಣ್ಯ ಇವೆಲ್ಲವನ್ನೂ ಆತನು ಬರೆದಿಟ್ಟನು. ಇಂದು ಆ ಪುಸ್ತಕವನ್ನು ಓದುವವರು ಕ್ಷೇತ್ರವರ್ಣನೆಗಿಂತಲೂ ಈ ವಿವರಗಳಿಗಾಗಿಯೇ ಓದುತ್ತಾರೆ.

ಕನ್ನಡದಲ್ಲಿ ಪರದೇಶಯಾತ್ರೆಯ ಹೆಸರಾಂತ ಗ್ರಂಥಗಳು ಹಡಗು ವಿಮಾನಗಳ ಆಶ್ರಯದಲ್ಲಿ ಹುಟ್ಟಿದವು. ವಿ. ಕೃ. ಗೋಕಾಕರ 'ಸಮುದ್ರದಾಚೆಯಿಂದ' ಹಡಗಿನ ಕಾಲದ್ದು. 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯನ್ನು ಪಡೆದ 'ಅಮೆರಿಕದಲ್ಲಿ ಗೊರೂರು' ವಿಮಾನದ ಕಾಲದ್ದು. ಅವುಗಳ ಮೇಲ್ಮೆಯನ್ನು ಅಲ್ಲಗಳೆಯುವ ಉದ್ದೇಶ ಇಲ್ಲಿಲ್ಲ. ಆದರೆ ಹಡಗಿನಲ್ಲಿಯೂ ವಿಮಾನದಲ್ಲಿಯೂ ದಾರಿಯನ್ನು ಮತ್ತೊಬ್ಬನು ಗೊತ್ತುಮಾಡುತ್ತಾನೆ. ಪ್ರಯಾಣಿಕನು ಒಂದು ಬಾಗಿಲಲ್ಲಿ ಹೊಕ್ಕು ಮತ್ತೊಂದರಲ್ಲಿ ಹೊರಡುತ್ತಾನೆ. ಸ್ವಂತ ವಾಹನದಲ್ಲಿ ರಸ್ತೆಯ ಮೇಲೆ ಹೋಗುವವನಿಗಾದರೋ ಪ್ರತಿಯೊಂದು ತಿರುವೂ ತನ್ನದೇ ನಿರ್ಣಯ. ಈ ಬಗೆಯ ಯಾತ್ರೆ ಈಗ ಸಾಮಾನ್ಯವಾಗುತ್ತಿರುವುದರಿಂದ ಅದರ ಗ್ರಂಥಲಕ್ಷಣವನ್ನು ಕುರಿತು ಯೋಚಿಸುವ ಕಾಲವೂ ಬಂದಿದೆ.

ಇಲ್ಲಿ ಪೂರ್ವಪಕ್ಷಿಯು ಹೀಗೆ ಆಕ್ಷೇಪಿಸಬಹುದು: ಸನ್ನಾಹವೆಂಬುದು ಗುಮಾಸ್ತೆಯ ಪಟ್ಟಿ, ಎಣ್ಣೆಯ ಲೆಕ್ಕದಲ್ಲಿಯೂ ರಹದಾರಿಯ ಕಾಗದದಲ್ಲಿಯೂ ರಸವೆಲ್ಲಿಯದು? ಅದನ್ನು ಕೈಪಿಡಿಗೆ ಬಿಟ್ಟು ಸಾಹಿತ್ಯವು ದರ್ಶನವನ್ನು ಮಾತ್ರ ಹೇಳಿದರೆ ಸಾಲದೆ?

ಇದಕ್ಕೆ ಸಮಾಧಾನವನ್ನು ಒಂದು ಉದಾಹರಣೆಯಿಂದ ಹೇಳುವುದು ಲೇಸು. ನಂಜನಗೂಡಿನ ಒಂದು ಕುಟುಂಬವು ಮೋಟಾರಿನಲ್ಲಿ ನೇಪಾಳದ ಪಶುಪತಿನಾಥನ ದರ್ಶನಕ್ಕೆ ಹೊರಡುವುದೆಂದು ಭಾವಿಸೋಣ. ದೂರವು ಹೆಚ್ಚು ಕಡಮೆ 2,500 ಕಿಲೋಮೀಟರು. ಬೆಂಗಳೂರು, ಹೈದರಾಬಾದು, ನಾಗಪುರ, ಜಬ್ಬಲಪುರ, ರೀವಾಗಳ ಮೇಲೆ ಕಾಶಿ. ಇದು ಹಿಂದೆ 7ನೆಯ ರಾಷ್ಟ್ರೀಯ ಹೆದ್ದಾರಿಯೆನಿಸಿದ್ದ ಮಾರ್ಗ. ಹೈದರಾಬಾದಿನಿಂದಾಚೆಗೆ ವೀರಾಸ್ವಾಮಯ್ಯನ ಪಲ್ಲಕ್ಕಿಯೂ ಬಹುಮಟ್ಟಿಗೆ ಈ ಜಾಡಿನಲ್ಲಿಯೇ ಸಾಗಿತ್ತು. ನಕ್ಷೆಯನ್ನು ಹರಡಿ ಬೆರಳಿಟ್ಟ ಹೊತ್ತಿನಲ್ಲಿಯೇ ಸಾಹಿತ್ಯವು ಮೊದಲಾಗುತ್ತದೆ. ಕನ್ನಡನಾಡಿನ ಗೃಹಸ್ಥನು ದಿನವೂ ಸಂಕಲ್ಪದಲ್ಲಿ ಗೋದಾವರಿಯ ದಕ್ಷಿಣತೀರವನ್ನು ಹೇಳುತ್ತಾನೆ. ನಿರ್ಮಲದ ಬಳಿ ಆ ನದಿಯನ್ನು ದಾಟಿದೊಡನೆ ಆ ಮಾತು ಬದಲಾಗಬೇಕು. ಭರತವರ್ಷವೆಂಬ ಮಾತಾದರೋ ನೇಪಾಳದಲ್ಲಿಯೂ ಬದಲಾಗದು, ಏಕೆಂದರೆ ಪುರಾಣದ ಎಲ್ಲೆ ಹಿಮಾಲಯದಲ್ಲಿದೆ, ಸರಕಾರದ ಎಲ್ಲೆ ಸುನೌಲಿಯಲ್ಲಿದೆ. ಅಲ್ಲಿಯ ಕಚೇರಿಯ ಕಾಗದಗಳಲ್ಲಿ ಕ್ರಿಸ್ತಶಕಕ್ಕಿಂತ ಸುಮಾರು 57 ವರ್ಷ ಮುಂದಿರುವ ವಿಕ್ರಮಶಕದ ಸಂಖ್ಯೆ. ಗಡಿಯಾರವೂ 15 ನಿಮಿಷ ಮುಂದೆ. ಪುರೋಹಿತನ ಭೂಗೋಳವೂ ಸುಂಕದವನ ಭೂಗೋಳವೂ ಒಂದೇ ಬಾಗಿಲಲ್ಲಿ ಎದುರಾಗುವ ಈ ಸಂಗತಿಯು ಶಿಖರದರ್ಶನಕ್ಕಿಂತ ಕಡಮೆ ರಸವತ್ತಾದುದೇನೂ ಅಲ್ಲ.

ಇನ್ನು ಕಾಗದಗಳು. 1950ರ ಒಪ್ಪಂದದ ಅನಂತರ ಭಾರತೀಯರಿಗೆ ನೇಪಾಳಕ್ಕೆ ವೀಸಾ ಬೇಕಿಲ್ಲ. ಪಾಸ್‌ಪೋರ್ಟು ಅಥವಾ ಮತದಾರನ ಗುರುತಿನ ಚೀಟಿ ಸಾಕು. ವಾಹನಕ್ಕೆ ಮಾತ್ರ ಭಂಸಾರ್ ಎಂಬ ಸುಂಕದ ಚೀಟಿಯನ್ನು ಗಡಿಯಲ್ಲಿಯೇ ಪಡೆಯಬೇಕು. ಎಷ್ಟು ದಿನವೆಂದು ಮುಂಚಿತವಾಗಿ ಹೇಳಿ ದಿನದ ಲೆಕ್ಕದಲ್ಲಿ ಹಣ ಕಟ್ಟಬೇಕು. ಅವಧಿ ಮೀರಿದರೆ ದಂಡ. ಒಣಗಿದ ನಿಯಮವೆಂದು ತೋರುವ ಇದರಲ್ಲಿಯೇ ಮನೆಯ ನಿಜವಾದ ವಾದವು ಅಡಗಿದೆ. ಕಾಠ್ಮಂಡುವಿನಿಂದ ಹಿಂದಿರುಗುವುದೇ, ಮುಕ್ತಿನಾಥಕ್ಕೂ ಏರುವುದೇ? ಮನೆಯ ದೇವರ ಪೆಟ್ಟಿಗೆಯ ಸಾಲಿಗ್ರಾಮವು ಗಂಡಕೀನದಿಯದು. ಅದು ಎಂದೋ ಎಲ್ಲೆ ದಾಟಿ ಬಂದಿದೆ. ಆ ನದಿಯನ್ನು ಒಮ್ಮೆ ನೋಡಬೇಕೆಂದು ಮುದುಕಿಯಾದ ತಾಯಿಯ ಹಂಬಲ. ಮುಕ್ತಿನಾಥವಿರುವುದು 3,700 ಮೀಟರಿಗೂ ಮೇಲೆ. ಅಲ್ಲಿಯ ತೆಳುಗಾಳಿಯನ್ನು ಆಕೆಯ ಎದೆ ತಾಳೀತೆ? ಚೀಟಿಯಲ್ಲಿ ಬರೆಯಿಸುವ ದಿನಗಳ ಸಂಖ್ಯೆಯು ಈ ಪ್ರಶ್ನೆಗೆ ಮಗನು ಕೊಡುವ ಉತ್ತರ. ಗ್ರಂಥಕಾರನು ಇದನ್ನು ನುಂಗಿ ಶಿಖರವನ್ನು ಮಾತ್ರ ಬಣ್ಣಿಸಿದರೆ, ಯಾತ್ರೆಯಲ್ಲಿ ಯಾವುದು ಪಣವಾಗಿತ್ತೋ ಅದನ್ನೇ ಮರೆಮಾಚಿದಂತಾಗುತ್ತದೆ.

ಬಾಗಿಲನ್ನು ಆರಿಸುವುದೂ ಅಂತಹುದೇ. ಸುನೌಲಿಯಲ್ಲಿ ದಾಟಿದರೆ ಬುದ್ಧನು ಹುಟ್ಟಿದ ಲುಂಬಿನಿ ಹತ್ತಿರ. ರಕ್ಸೌಲಿನಲ್ಲಿ ದಾಟಿದರೆ ಬೀರಗಂಜದ ಪೂರ್ವಕ್ಕೆ ಸಿಮ್ರೌನಗಢದ ಅವಶೇಷಗಳು. ಅಲ್ಲಿ 1097ರಲ್ಲಿ ನಾನ್ಯದೇವನು ಕರ್ಣಾಟವಂಶವನ್ನು ಸ್ಥಾಪಿಸಿದನು. ಕಲ್ಯಾಣದ ಚಾಳುಕ್ಯರ ದಂಡಯಾತ್ರೆಗಳೊಡನೆ ಉತ್ತರಕ್ಕೆ ಹೋದವರ ಕುಲವದೆಂದು ಇತಿಹಾಸಜ್ಞರ ಊಹೆ. ಪಶುಪತಿನಾಥನ ಪೂಜೆಯನ್ನು ನಡೆಸುತ್ತ ಬಂದಿರುವ ಭಟ್ಟರೂ ಕರ್ಣಾಟಕದ ಕಡೆಯವರು. 2009ರಲ್ಲಿ ಅವರ ನೇಮಕವು ದೊಡ್ಡ ವಿವಾದಕ್ಕೂ ಎಡೆಯಾಯಿತು. ಇದನ್ನು ಅರಿತು ಹೋದವನು ಬಳಗದ ಊರಿಗೆ, ಅಲ್ಲಿಯ ಮನಸ್ತಾಪವನ್ನೂ ತಿಳಿದು ಹೋದಂತೆ ಹೋಗುತ್ತಾನೆ. ಅರಿಯದವನು ನೋಟಕನಾಗಿ ಹಿಂದಿರುಗುತ್ತಾನೆ. 2015ರ ಭೂಕಂಪ, ಅದೇ ವರ್ಷ ಗಡಿಯಲ್ಲಿ ಸರಕು ನಿಂತ ತಿಂಗಳುಗಳು, 2025ರ ಸೆಪ್ಟೆಂಬರಿನಲ್ಲಿ ಸರಕಾರವನ್ನೇ ಉರುಳಿಸಿದ ಗಲಭೆ ಇವುಗಳನ್ನು ನೆನೆದರೆ, ಹಿಂದಿರುಗುವ ದಾರಿಯನ್ನೂ ಸನ್ನಾಹದಲ್ಲಿಯೇ ಯೋಚಿಸಬೇಕೆಂಬುದು ಸ್ಪಷ್ಟವಾಗುತ್ತದೆ.

ಹಾಗೆಂದು ಪಟ್ಟಿಯೆಲ್ಲವೂ ಕಾವ್ಯವಾಗದು. ತೆತ್ತ ಪ್ರತಿಯೊಂದು ಕಾಸನ್ನೂ ತುಂಬಿದ ಪುಸ್ತಕವು ದಿನಚರಿಯೇ ಹೊರತು ಗ್ರಂಥವಲ್ಲ. ಯಾವ ವಿವರದ ಹಿಂದೆ ಒಂದು ನಿರ್ಣಯವಿದೆಯೋ, ಒಂದನ್ನು ಹಿಡಿಯಲು ಮತ್ತೊಂದನ್ನು ಬಿಟ್ಟ ನೋವಿದೆಯೋ, ಅದು ಉಳಿಯತಕ್ಕದ್ದು. ಮಿಕ್ಕದ್ದು ಕೈಪಿಡಿಗೆ ಸೇರತಕ್ಕದ್ದು. ಈ ವಿವೇಕವಿದ್ದಲ್ಲಿ ಸನ್ನಾಹಪ್ರಕರಣವು ಗ್ರಂಥಕ್ಕೆ ಭಾರವಾಗದು. ಮುಂದೆ ಈ ಎರಡು ಊರುಗಳಿಂದ ಯಾರಾದರೂ ಉತ್ತರದ ಎಲ್ಲೆಯನ್ನು ದಾಟಿ ಬಂದು ಲೇಖನಿಯನ್ನು ಹಿಡಿದರೆ, ನಕ್ಷೆಯನ್ನು ಹರಡಿದ ರಾತ್ರಿಯಿಂದಲೇ ಮೊದಲುಮಾಡಲಿ. ತಾಯಿಯು ಜೊತೆಯಲ್ಲಿ ಬಂದಳೇ, ಮನೆಯಲ್ಲಿ ಉಳಿದಳೇ ಎಂಬುದನ್ನು ಬರೆಯಲಿ. ಕಾಶಿಗೂ ತಿರುಮಕೂಡಲಿಗೂ ಇರುವ ಗುಲಗಂಜಿಯ ಅಂತರವನ್ನು ಆಮೇಲೆ ವಾಚಕರೇ ತೂಗಿಕೊಂಡಾರು.