ಕೈವಲ್ಯಪದ್ಧತಿಯಲ್ಲಿ ನೀತಿ ಮತ್ತು ಯೋಗ

ಶಿವನಸಮುದ್ರದಲ್ಲಿ ಕಾವೇರಿಯು ಕವಲೊಡೆದು ಗಗನಚುಕ್ಕಿ ಭರಚುಕ್ಕಿಗಳಾಗಿ ಧುಮುಕುವುದನ್ನು ಕಂಡು ಹಿಂದಿರುಗುವವರೇ ಬಹುಮಂದಿ. ನಡುಗಡ್ಡೆಯನ್ನು ದಾಟಿ ತೆಂಕಣ ದಡವನ್ನು ಸೇರಿದರೆ ಕೊಳ್ಳೇಗಾಲದ ಸೀಮೆ. ಈ ಸೀಮೆಯ ಚಿಲಕವಾಡಿಯ ಶಂಭುಲಿಂಗನ ಬೆಟ್ಟವು ನಿಜಗುಣಶಿವಯೋಗಿಗಳ ತಪೋಭೂಮಿಯೆಂದೂ, ಅವರು ಮೊದಲು ಅಲ್ಲಿಯೇ ಒಡೆತನ ಮಾಡುತ್ತಿದ್ದು ಬಳಿಕ ಅದನ್ನು ತೊರೆದರೆಂದೂ ಪರಂಪರೆಯು ಹೇಳುತ್ತದೆ. ಅವರ ಕಾಲವು ಕ್ರಿ. ಶ. ೧೫೦೦ರ ಆಸುಪಾಸೆಂಬುದು ಸಾಮಾನ್ಯವಾಗಿ ಒಪ್ಪಿರುವ ಮತ. ಅವರ ಹಾಡುಗಳ ಅಂಕಿತವೂ ಆ ಬೆಟ್ಟದ ದೇವರಾದ ಶಂಭುಲಿಂಗನ ಹೆಸರೇ.

ಯೋಗವನ್ನು ನಿತ್ಯಜೀವನಕ್ಕೆ ಅಳವಡಿಸಿಕೊಳ್ಳಬೇಕೆಂಬ ಮಾತು ಈಗ ಎಲ್ಲೆಡೆಯೂ ಕೇಳಿಬರುತ್ತಿದೆ. ೨೦೧೫ರಿಂದ ಜೂನ್ ೨೧ನೆಯ ದಿನವು ಅಂತರರಾಷ್ಟ್ರೀಯ ಯೋಗದಿನವಾಗಿ ಆಚರಣೆಗೆ ಬಂದಿದೆ. ಆದರೆ ಯೋಗವೆಂದೊಡನೆ ಜನರ ಕಣ್ಣೆದುರಿಗೆ ನಿಲ್ಲುವುದು ಆಸನಗಳು ಮಾತ್ರ. ೧೯೩೩ರಲ್ಲಿ ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆಯನ್ನು ನಡೆಸತೊಡಗಿದ ತಿರುಮಲೆ ಕೃಷ್ಣಮಾಚಾರ್ಯರು ಕನ್ನಡದಲ್ಲಿ ಬರೆದ ‘ಯೋಗಮಕರಂದ’ವು (೧೯೩೪) ಯಮನಿಯಮಗಳನ್ನು ವಿಚಾರಿಸಿಯೇ ಇದೆ; ಆ ಗ್ರಂಥದಿಂದ ಲೋಕವು ಎತ್ತಿಕೊಂಡದ್ದು ಮಾತ್ರ ಆಸನಭಾಗವನ್ನು. ಈ ಪ್ರಶ್ನೆಯನ್ನು ನಾಲ್ಕು ಶತಮಾನಗಳಿಗೂ ಹಿಂದೆಯೇ ಕನ್ನಡದಲ್ಲಿ ಎದುರಿಸಿದ ಕೃತಿ ‘ಕೈವಲ್ಯಪದ್ಧತಿ’. ಅದರ ಉತ್ತರವು ಒಂದೊಂದು ಹಾಡಿನ ಅರ್ಥದಲ್ಲಿರುವುದಕ್ಕಿಂತ ಹೆಚ್ಚಾಗಿ ಹಾಡುಗಳನ್ನು ಇಟ್ಟಿರುವ ಕ್ರಮದಲ್ಲಿದೆ ಎಂಬುದು ಈ ಲೇಖನದ ಅಭಿಪ್ರಾಯ.

ಗ್ರಂಥದಲ್ಲಿ ಐದು ಸ್ಥಲಗಳಿವೆಯೆಂಬುದು ವಾಚಕರಿಗೆ ತಿಳಿದ ವಿಷಯವೇ: ಶಿವಕಾರುಣ್ಯ, ಜೀವಸಂಬೋಧನ, ನೀತಿಕ್ರಿಯಾಚರ್ಯ, ಯೋಗಪ್ರತಿಪಾದನ, ಜ್ಞಾನಪ್ರತಿಪಾದನ. ಶೈವಾಗಮಗಳಲ್ಲಿ ಚರ್ಯಾ, ಕ್ರಿಯಾ, ಯೋಗ, ಜ್ಞಾನಗಳೆಂಬ ನಾಲ್ಕು ಪಾದಗಳು ಪ್ರಸಿದ್ಧವಾಗಿವೆ. ಕೊನೆಯ ಮೂರು ಸ್ಥಲಗಳು ಅವುಗಳ ಜಾಡನ್ನೇ ಹಿಡಿದಿರುವುದು ಸ್ಪಷ್ಟ. ಆದರೆ ಆಗಮದ ಚರ್ಯಾಕ್ರಿಯೆಗಳು ಮುಖ್ಯವಾಗಿ ಪೂಜೆ, ದೀಕ್ಷೆ, ವ್ರತಾಚಾರಗಳಿಗೆ ಸೇರಿದುವು. ಶಿವಯೋಗಿಗಳು ಅವೆರಡನ್ನೂ ಒಂದೇ ಸಮಾಸದಲ್ಲಿ ಕೂಡಿಸಿ, ಅವಕ್ಕೂ ಮುಂದಾಗಿ ‘ನೀತಿ’ಯೆಂಬ ಪದವನ್ನು ಇಟ್ಟಿದ್ದಾರೆ. ಈ ಒಂದು ಪದವು ಸಾಮಾನ್ಯವಾದುದಲ್ಲ. ಪೂಜಾಗೃಹದ ಹೊರಗೆ ಮನುಷ್ಯನು ಮನುಷ್ಯನೊಡನೆ ನಡೆದುಕೊಳ್ಳುವ ಬಗೆಯೂ ಇದರಿಂದ ಸಾಧನೆಯ ಮೆಟ್ಟಿಲಾಯಿತು. ಆ ಮೆಟ್ಟಿಲನ್ನು ಏರದೆ ಯೋಗಸ್ಥಲಕ್ಕೆ ಕಾಲಿಡುವಂತಿಲ್ಲ. ಪಾತಂಜಲದಲ್ಲಿ ಯಮನಿಯಮಗಳು ಮೊದಲು ಬರುವುದನ್ನು ಇಲ್ಲಿ ನೆನೆಯಬಹುದು. ಹಠಪ್ರದೀಪಿಕೆಯಾದರೋ ಆಸನವನ್ನೇ ಹಠದ ಮೊದಲ ಅಂಗವೆಂದು ಎಣಿಸುತ್ತದೆ. ನಿಜಗುಣರಿಗೆ ಈ ಇನ್ನೊಂದು ದಾರಿಯು ತಿಳಿಯದೆ ಇರಲಿಲ್ಲ: ಮಂತ್ರ, ಲಯ, ಹಠ, ರಾಜವೆಂದು ಯೋಗವನ್ನು ನಾಲ್ಕಾಗಿ ವಿಂಗಡಿಸುವ ಸಂಸ್ಕೃತದ ‘ಶಿವಯೋಗಪ್ರದೀಪಿಕೆ’ಗೆ ‘ಪರಮಾರ್ಥಪ್ರಕಾಶಿಕೆ’ಯೆಂಬ ಕನ್ನಡ ಟೀಕೆಯನ್ನು ಬರೆದವರು ಅವರೇ. ಆದಕಾರಣ ಈ ಕ್ರಮವು ತಿಳಿದು ಆರಿಸಿಕೊಂಡದ್ದೆಂದೇ ಹೇಳಬೇಕು.

ಇದಕ್ಕೆ ಒಂದು ಆಕ್ಷೇಪವುಂಟು. ಗ್ರಂಥದ ಹೆಸರೇ ಕೈವಲ್ಯವನ್ನು ಸಾರುತ್ತಿದೆ. ಕರ್ತೃವೋ ಒಡೆತನವನ್ನು ತೊರೆದು ಬೆಟ್ಟವನ್ನೇರಿದವರೆಂದು ಪ್ರಸಿದ್ಧರು. ಇಂಥ ಕೃತಿಯಲ್ಲಿ ಸಂಸಾರಿಯ ದಿನಚರಿಯನ್ನು ಹುಡುಕುವುದು ನಮ್ಮ ಕಾಲದ ಬಯಕೆಯನ್ನು ಹಳೆಯ ಗ್ರಂಥದ ಮೇಲೆ ಹೊರಿಸಿದಂತಾಗದೆ? ಆಕ್ಷೇಪವು ಬಲವಾದುದೇ. ದೇಹದ ಆರೋಗ್ಯಕ್ಕಾಗಿ ಅಥವಾ ಕೆಲಸದ ದಣಿವನ್ನು ಕಳೆಯುವುದಕ್ಕಾಗಿ ಯೋಗವೆಂಬ ಮಾತಿಗೆ ಕೈವಲ್ಯಪದ್ಧತಿಯನ್ನು ಸಾಕ್ಷಿಯಾಗಿ ಕರೆಯುವುದು ಸರಿಯಲ್ಲವೆಂದು ನಾವೂ ಒಪ್ಪುತ್ತೇವೆ. ಆದರೆ ಗುರಿಯು ಕೈವಲ್ಯವಾದ ಮಾತ್ರಕ್ಕೆ ದಾರಿಯು ಊರ ಹೊರಗೇ ಹಾದುಹೋಗಬೇಕೆಂಬ ನಿಯಮವಿಲ್ಲ. ಕರ್ತೃವು ಆರಿಸಿಕೊಂಡ ರೂಪವನ್ನು ನೋಡಿ. ಶಾಸ್ತ್ರವಿಷಯಗಳನ್ನು ಒಟ್ಟುಗೂಡಿಸಲು ಅವರಿಗೆ ‘ವಿವೇಕಚಿಂತಾಮಣಿ’ಯ ಗದ್ಯವಿತ್ತು, ಪಂಡಿತರಿಗೆ ಟೀಕೆಯಿತ್ತು, ‘ಅನುಭವಸಾರ’ಕ್ಕೆ ತ್ರಿಪದಿಯಿತ್ತು. ಈ ಐದು ಸ್ಥಲಗಳಿಗೆ ಮಾತ್ರ ರಾಗಬದ್ಧವಾದ ಹಾಡನ್ನು ಆರಿಸಿದರು. ಹಾಡು ಓಲೆಗರಿಯನ್ನೂ ಏಕಾಂತವನ್ನೂ ಬೇಡುವುದಿಲ್ಲ. ದುಡಿಯುವ ಕೈ ದುಡಿಯುತ್ತಿದ್ದಂತೆಯೇ ಬಾಯಲ್ಲಿ ನಿಲ್ಲುತ್ತದೆ. ಮುಂದೆ ಸರ್ಪಭೂಷಣ ಶಿವಯೋಗಿಗಳು (೧೭೯೫–೧೮೩೯) ‘ಕೈವಲ್ಯಕಲ್ಪವಲ್ಲರಿ’ಗೆ ಹಾಡಿನ ರೂಪವನ್ನೇ ಹಿಡಿದರು, ಭಜನೆಯ ಗೋಷ್ಠಿಗಳಲ್ಲಿ ಈ ಬಗೆಯ ತತ್ತ್ವಪದಗಳು ಉಳಿದು ಬಂದದ್ದು ಓದು ಬಲ್ಲವರಿಂದ ಮಾತ್ರವಲ್ಲ.

ಕಾವ್ಯವೆಂದು ಎಣಿಸುವಾಗ ಸ್ಥಲಗಳೆಲ್ಲವೂ ಸಮನಾಗಿಲ್ಲ. ಯೋಗಪ್ರತಿಪಾದನದಲ್ಲಿ ಪರಿಭಾಷೆಯ ಭಾರಕ್ಕೆ ಹಾಡು ಅಲ್ಲಲ್ಲಿ ಬಾಗುತ್ತದೆ. ಟೀಕೆಯಿಲ್ಲದೆ ಅರ್ಥವಾಗದ ಪಲ್ಲವಿಯನ್ನು ಹಾಡುವವನು ರಾಗದ ಬಲದಿಂದಲೇ ದಾಟಬೇಕಾಗುತ್ತದೆ. ಶಿವಕಾರುಣ್ಯದ ಆರ್ತತೆಯನ್ನೂ ಜೀವಸಂಬೋಧನದ ಬಿರುಸನ್ನೂ ಎಲ್ಲ ರಸಿಕರೂ ಮೆಚ್ಚುವರು. ಈ ಎರಡು ಗುಂಪುಗಳ ನಡುವೆ ಸಿಕ್ಕಿದ ನೀತಿಸ್ಥಲವನ್ನು ಬರಿಯ ಬೋಧೆಯೆಂದು ಸರಿಸಿಬಿಡುವುದು ಸುಲಭ. ಹಾಗೆ ಸರಿಸಿದರೆ ಮೇಲಿನ ಭಕ್ತಿಗೂ ಕೆಳಗಿನ ಯೋಗಕ್ಕೂ ಇರುವ ಸೇತುವೆಯೇ ಮುರಿದು, ಶಿವಯೋಗಿಗಳು ಒಮ್ಮೆ ಮೊರೆಯಿಡುವ ಭಕ್ತರಾಗಿಯೂ ಒಮ್ಮೆ ನಾಡಿಚಕ್ರಗಳ ಶಾಸ್ತ್ರಿಗಳಾಗಿಯೂ ಕಾಣತೊಡಗುವರು.

ತರಗತಿಗಳಿಗೆ ಹಾಡುಗಳನ್ನು ಆಯುವ ಅಧ್ಯಾಪಕರಲ್ಲಿ ನಮ್ಮ ವಿನಂತಿಯು ಇಷ್ಟೇ: ಯೋಗಸ್ಥಲದಿಂದ ಒಂದನ್ನು ತೆಗೆದುಕೊಂಡಾಗ ಅದರ ಹಿಂದಣ ನೀತಿಸ್ಥಲದಿಂದಲೂ ಒಂದನ್ನು ಅದರ ಪಕ್ಕದಲ್ಲಿಯೇ ಇಟ್ಟು, ಗ್ರಂಥದಲ್ಲಿ ಯಾವುದು ಮೊದಲೆಂಬುದನ್ನು ವಿದ್ಯಾರ್ಥಿಗಳಿಗೆ ತಿಳಿಸಿ ಪಾಠ ಹೇಳಬೇಕು.