ಹಾವುಮೀನಿನ ದಾರಿ

ಹೆಬ್ಬಗೋಡಿ ಸುತ್ತಿನ ಮಳೆನೀರು ದಕ್ಷಿಣ ಪಿನಾಕಿನಿ ಸೇರಿ, ಕಡಲೂರಿನ ಬಳಿ ಬಂಗಾಳ ಕೊಲ್ಲಿಗೆ ಇಳಿಯುತ್ತದೆ. ಹಾವುಮೀನಿನ ಬದುಕಿಗೆ ಬೇಕಾದದ್ದು ಇಂಥ ಕಡಲ ನಂಟುಳ್ಳ ನೀರೇ.

ನಮ್ಮ ಕಾವೇರಿಯಲ್ಲೂ ಇರುವ ಮಚ್ಚೆಯ ಹಾವುಮೀನು, ಆಂಗ್ವಿಲ್ಲಾ ಬೆಂಗಾಲೆನ್ಸಿಸ್, ಹುಟ್ಟುವುದು ಕಡಲಲ್ಲಿ. ಎಲೆಯಂಥ ಚಪ್ಪಟೆ ಮರಿ ಪ್ರವಾಹದಲ್ಲಿ ತೇಲುತ್ತಾ ಬಂದು, ಅಳಿವೆ ಮುಟ್ಟುವಾಗ ಮೈಯೆಲ್ಲ ಪಾರದರ್ಶಕವಾದ ಪುಟ್ಟ ಹಾವುಮೀನಾಗಿರುತ್ತದೆ. ಅಲ್ಲಿಂದ ಹೊಳೆಗೆ ಎದುರಾಗಿ ಏರುತ್ತದೆ. ಒದ್ದೆ ಬಂಡೆಗೆ ಮೈಯೊತ್ತಿ ತೆವಳಿಯೂ ಹತ್ತುತ್ತದೆ. ಎಂಥ ಹಟ!

ಆಮೇಲೆ ಎಷ್ಟೋ ವರ್ಷ ಸಿಹಿನೀರೇ ಮನೆ. ಹಗಲು ಕಲ್ಲುಸಂದಿಯಲ್ಲೋ ಕೆಸರಿನಲ್ಲೋ ಅಡಗಿ, ರಾತ್ರಿ ಮೀನು, ಏಡಿಗಳ ಬೇಟೆ. ಚರ್ಮದಿಂದಲೂ ಉಸಿರಾಡಬಲ್ಲದ್ದರಿಂದ ಮಳೆರಾತ್ರಿ ಒದ್ದೆ ನೆಲವನ್ನೂ ದಾಟೀತು. ಬಲಿತ ಮೇಲೆ ಕಡಲಿನತ್ತ ಮರುಪಯಣ: ಊಟ ಬಿಡುತ್ತದೆ, ಕರುಳು ಕುಗ್ಗುತ್ತದೆ, ಕಣ್ಣು ಹಿಗ್ಗುತ್ತವೆ. ಒಮ್ಮೆ ಮೊಟ್ಟೆಯಿಟ್ಟು ಸಾಯುತ್ತದೆ.

ಪಿನಾಕಿನಿಗೆ ಇಂದು ಕೆಲವರಪಳ್ಳಿ, ಕೃಷ್ಣಗಿರಿ, ಸಾತನೂರು ಅಣೆಕಟ್ಟುಗಳು ಅಡ್ಡ ನಿಂತಿವೆ. ಏರುವ ಮರಿಗೆ ದೊಡ್ಡ ಕಾಲುವೆಯೇನೂ ಬೇಡ. ಬಿರುಗೂದಲು ಹಾಸಿದ ಇಳಿಜಾರಿನ ಮೇಲೆ ತೆಳುವಾಗಿ ನೀರು ಹರಿಸಿದರೆ ಹತ್ತಿಬಿಡುತ್ತದೆ. ಯುರೋಪಿನ ಹೊಳೆಗಳಲ್ಲಿ ಹೀಗೆ ಮಾಡಿದ್ದಾರೆ. ನಮ್ಮಲ್ಲೂ ಅದು ಆಗಬೇಕು.