ಇನ್ನೊಬ್ಬ ಓಬವ್ವ

ನಮ್ಮ ದುರ್ಗದಲ್ಲಿ ಓಬವ್ವ ಎಂದರೆ ಯಾವ ಓಬವ್ವ ಎಂದು ಯಾರೂ ಕೇಳುವುದಿಲ್ಲ. ಕಿಂಡಿಯ ಬಳಿ ಒನಕೆ ಹಿಡಿದು ನಿಂತ ಕಾವಲುಗಾರನ ಹೆಂಡತಿಯನ್ನು 1972ರ 'ನಾಗರಹಾವು' ಚಿತ್ರದಲ್ಲಿ ಜಯಂತಿಯವರು ಮನೆಮನೆಗೂ ತಲುಪಿಸಿದರು. ಊರಿನ ಕ್ರೀಡಾಂಗಣಕ್ಕೂ ಅವಳದೇ ಹೆಸರು. ಅದು ಸಲ್ಲಬೇಕಾದ ಗೌರವವೇ.

ಆದರೆ ತ.ರಾ.ಸು. ಅವರ 'ದುರ್ಗಾಸ್ತಮಾನ' ಓದಿದವರಿಗೆ ಇನ್ನೊಬ್ಬ ಓಬವ್ವ ಗೊತ್ತು: ರಾಜಮಾತೆ ಓಬವ್ವ ನಾಗತಿ. ನಾಗತಿ ಎಂದರೆ ನಾಯಕರ ಮನೆತನದ ಅರಸಿ. 1982ರಲ್ಲಿ ಬಂದು, ಲೇಖಕರು ತೀರಿಕೊಂಡ ಮರುವರ್ಷ, 1985ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಕಾದಂಬರಿ ಇದು. ಗದ್ದುಗೆ ಬರಿದಾದಾಗ ಜಾನಕಲ್ಲಿನ ಹುಡುಗ ಮದಕರಿಯನ್ನು ಕರೆಸಿ ಪಟ್ಟ ಕಟ್ಟಿಸುವವಳು ಈಕೆ. ದುಃಖವನ್ನು ನುಂಗಿಕೊಂಡು ರಾಜ್ಯವನ್ನು ಯೋಚಿಸುವ ಈ ಮುದುಕಿಯನ್ನು ತ.ರಾ.ಸು. ಬಹಳ ಗೌರವದಿಂದ ಚಿತ್ರಿಸಿದ್ದಾರೆ. ನನ್ನ ತಕರಾರು ಒಂದೇ. ಪಟ್ಟದ ಪ್ರಶ್ನೆ ಬಗೆಹರಿದ ಮೇಲೆ ಕಥೆ ಕತ್ತಿ ಕುದುರೆಗಳ ಕಡೆ ಹೊರಳುತ್ತದೆ, ಅರಮನೆಯ ಹೆಂಗಸರು ಕಾಯುವವರಾಗಿ, ಹರಸುವವರಾಗಿ, ಅಳುವವರಾಗಿ ಉಳಿಯುತ್ತಾರೆ.

ತಪ್ಪು ಕಾದಂಬರಿಕಾರರದ್ದು ಮಾತ್ರವಲ್ಲ. ಅವರಿಗೆ ಸಿಕ್ಕ ಇತಿಹಾಸವೇ ಹಾಗಿತ್ತು. 1779ರಲ್ಲಿ ಹೈದರಾಲಿ ಕೋಟೆ ಹಿಡಿದಾಗ ಮದಕರಿನಾಯಕನ ಕುಟುಂಬವನ್ನು ಶ್ರೀರಂಗಪಟ್ಟಣಕ್ಕೆ ಸೆರೆ ಒಯ್ದರೆಂದು ರೈಸ್ ಸಾಹೇಬರ ಗೆಜೆಟಿಯರ್ ಹೇಳುತ್ತದೆ. ಜೊತೆಗೆ 20,000 ಬೇಡರನ್ನು ಅಲ್ಲಿಗೆ ಸಾಗಿಸಿದ ಲೆಕ್ಕವೂ ಇದೆ. ನಾಗತಿಯರೆಲ್ಲ 'ಕುಟುಂಬ' ಎಂಬ ಒಂದು ಮಾತಿನೊಳಗೆ ಸೇರಿಹೋದರು.

ಜರ್ಮನ್ ಸೀಮೆಯ ಹೈಡೆಲ್‌ಬರ್ಗಿನಲ್ಲಿ 1652ರಲ್ಲಿ ಹುಟ್ಟಿದ ಅರಸುಮಗಳು ಲೀಸೆಲೊಟ್ಟೆಯನ್ನು ಫ್ರಾನ್ಸಿನ ದೊರೆಯ ತಮ್ಮನಿಗೆ ಕೊಟ್ಟರು. ಪರದೇಶದ ಅರಮನೆಯಲ್ಲಿ ಕುಳಿತು ಆಕೆ ತವರಿನ ಕಡೆಯವರಿಗೆ ಸಾವಿರಾರು ಕಾಗದ ಬರೆದಳು. ಗಂಡನ ಮೇಲಿನ ಬೇಸರ, ಊಟದ ಅರುಚಿ, ಮಕ್ಕಳ ಚಿಂತೆ, ಎಲ್ಲವೂ ಅವುಗಳಲ್ಲಿವೆ. ಆದ್ದರಿಂದಲೇ ಆಕೆ ಇಂದಿಗೂ ನಮ್ಮೊಡನೆ ಮಾತಾಡುತ್ತಾಳೆ. ನಮ್ಮ ನಾಗತಿಯರ ಬಾಯಿಗೆ ಮಾತು ಕೊಡಲು ಇನ್ನೂರು ವರ್ಷದ ನಂತರ ಒಬ್ಬ ಗಂಡಸು ಕಲ್ಪಿಸಬೇಕಾಯಿತು.

ದುರ್ಗಾಸ್ತಮಾನವನ್ನು ಓದಿ ಸೋದರಿಯರೇ, ಓದಲೇಬೇಕಾದ ಪುಸ್ತಕ. ಆದರೆ ಯುದ್ಧದ ಪುಟಗಳಲ್ಲಿ ಮೈಮರೆತಾಗ, ಒಳಕೋಣೆಯಲ್ಲಿ ಕೂತವರು ಏನೆಂದುಕೊಂಡಿರಬಹುದೆಂದು ಒಂದು ಕ್ಷಣ ಕೇಳಿಕೊಳ್ಳಿ. ನಿಮ್ಮ ಅಜ್ಜಿ, ಅಮ್ಮ ಹೇಳಿದ್ದನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಅವರೂ 'ಕುಟುಂಬ' ಎಂಬ ಮಾತಿನಲ್ಲಿ ಕರಗಿಹೋಗಬಾರದು.